ತಮ್ಮನ ರೈಲಿಗೊಂದು ಕೈಮರ

ದೇವರಲ್ಲಿ ಬೇಡಿಕೊಳ್ಳುವುದಕ್ಕೆ ನನಗೆ ದೊಡ್ಡ ಸಂಗತಿಗಳು ಹೆಚ್ಚು ಉಳಿದಿಲ್ಲ. ನಮ್ಮ ಮನೆಯವರ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಮಗಳು ಗಂಡನ ಮನೆಯಲ್ಲಿ ನಗುನಗುತ್ತ ಇದ್ದಾಳೆ. ಶನಿವಾರ ಹುಚ್ಚುರಾಯಸ್ವಾಮಿಯ ಗುಡಿಗೆ ನಡೆದು ಹೋಗಿ ಬರುವಷ್ಟು ನನ್ನ ಮೊಣಕಾಲು ಇನ್ನೂ ಮಾತು ಕೇಳುತ್ತದೆ. ಇಷ್ಟು ಕೊಟ್ಟವನ ಮುಂದೆ ಮತ್ತೆ ಕೈಯೊಡ್ಡುವುದಕ್ಕೆ ಸಂಕೋಚವೇ. ಆದರೂ ಪ್ರದಕ್ಷಿಣೆ ಮುಗಿಸಿ ನಿಂತಾಗ ಒಂದು ಆಸೆ ತಾನಾಗಿ ಬಾಯಿಗೆ ಬರುತ್ತದೆ. ಒಂದೇ ಒಂದು ಸಲ ನನ್ನ ತಮ್ಮನ ಜೊತೆ ರೈಲಿನಲ್ಲಿ ಕೂತು ಹೋಗಬೇಕು.

ಇದನ್ನು ಕೇಳಿದವರು ನಗುತ್ತಾರೆ. ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಿ ಟಿಕೆಟ್ ತೆಗೆದರೆ ಮುಗಿಯಿತಲ್ಲ, ಅದಕ್ಕೆ ದೇವರೇಕೆ ಎನ್ನುತ್ತಾರೆ. ಅವರಿಗೆ ನನ್ನ ತಮ್ಮ ಗೊತ್ತಿಲ್ಲ. ಸೊರಬದಲ್ಲಿ ಅವನು ಕೋಣೆ ತುಂಬ ರೈಲು ಮಾಡಿಟ್ಟುಕೊಂಡಿದ್ದಾನೆ. ಹತ್ತುವುದು ಮಾತ್ರ ಇಲ್ಲ.

ನಾವು ಹುಟ್ಟಿದ ಸೊರಬಕ್ಕೂ ರೈಲಿಲ್ಲ, ನಾನು ಸೇರಿದ ಶಿಕಾರಿಪುರಕ್ಕೂ ಇಲ್ಲ. ಚಿಕ್ಕವರಿದ್ದಾಗ ಅಪ್ಪ ಒಂದು ಮದುವೆಗೆಂದು ನಮ್ಮಿಬ್ಬರನ್ನೂ ಸಾಗರದಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಸಾಗರದ ನಿಲ್ದಾಣದಾಚೆ ಒಂದು ಕೈಮರ ಇತ್ತು. ಎತ್ತರದ ಕಂಬ, ಅದರ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಒಂದು ಹಲಗೆಯ ಕೈ. ಕೈ ಅಡ್ಡ ಇದ್ದರೆ ಗಾಡಿ ನಿಲ್ಲಬೇಕು, ಓರೆಯಾಗಿ ಕೆಳಗೆ ಬಿದ್ದರೆ ದಾರಿ ಖಾಲಿ ಇದೆ ಎಂದು ಅಪ್ಪ ಹೇಳಿಕೊಟ್ಟರು. ಅಷ್ಟೇ ಸಾಕಾಯಿತು ಅವನಿಗೆ. ಉಳಿದವರೆಲ್ಲ ಗಾಡಿ ಬರುವ ದಿಕ್ಕಿಗೆ ಕತ್ತು ಚಾಚಿದ್ದರೆ ಅವನೊಬ್ಬ ಕಂಬವನ್ನೇ ನೋಡುತ್ತಿದ್ದ. ‘ಕೈ ಬಿತ್ತು’ ಎಂದು ಅಪ್ಪನ ಪಂಚೆ ಜಗ್ಗಿದ. ಗಾಡಿ ಬಂತು. ಕಿಟಕಿ ಪಕ್ಕದ ಜಾಗ ನನಗೆ ಬೇಕಿತ್ತು. ಅವನು ಅತ್ತು ಕಿತ್ತುಕೊಂಡ. ಶಿವಮೊಗ್ಗ ಬರುವವರೆಗೂ ಅವನ ತಲೆಯ ಸಂದಿಯಿಂದಲೇ ನಾನು ಹೊರಗೆ ನೋಡಿದ್ದು.

ಎಂಜಿನ್ ಓಡಿಸುವ ಕೆಲಸವೇ ಬೇಕೆಂದು ಅವನು ಅಂದಿನಿಂದಲೇ ತೀರ್ಮಾನಿಸಿದ್ದನೆಂದು ಕಾಣುತ್ತದೆ. ದೊಡ್ಡವನಾದ ಮೇಲೆ ಓದಿ ರೈಲ್ವೆ ಪರೀಕ್ಷೆಯನ್ನೂ ಪಾಸು ಮಾಡಿದ. ಉಳಿದದ್ದು ಕಣ್ಣಿನ ತಪಾಸಣೆ ಮಾತ್ರ. ಅದನ್ನು ಮುಗಿಸಿ ಅವನು ಸೊರಬಕ್ಕೆ ಹೋಗದೆ ನೇರವಾಗಿ ಶಿಕಾರಿಪುರಕ್ಕೆ, ನನ್ನ ಮನೆಗೆ ಬಂದ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಬಣ್ಣಬಣ್ಣದ ಚುಕ್ಕಿಗಳ ಒಂದು ಪುಸ್ತಕ ತೋರಿಸಿದರಂತೆ. ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದಂತೆ. ಅವನಿಗೆ ಕಂಡದ್ದು ಬರೀ ಚುಕ್ಕಿ.

‘ಅಕ್ಕ, ನೀ ಉಟ್ಟಿದ್ದು ಎಂತ ಬಣ್ಣ?’ ಎಂದ.

‘ಹಸಿರು ಕಣಾ.’

‘ನಂಗೆ ಮಣ್ಣಿನ ಹಂಗೆ ಕಾಣ್ತದೆ.’

ಹಣ್ಣು ಮೆಣಸಿನಕಾಯಿ ಕಿತ್ತು ತಾ ಎಂದು ಅವ್ವ ಹಿತ್ತಲಿಗೆ ಕಳಿಸಿದರೆ ಅವನು ಹಸಿ ಕಾಯಿಯನ್ನೂ ಸೇರಿಸಿ ಕಿತ್ತು ತರುತ್ತಿದ್ದ. ಲಕ್ಷ್ಯ ಇಲ್ಲದ ಹುಡುಗ ಎಂದು ಬೈಸಿಕೊಳ್ಳುತ್ತಿದ್ದ. ಅದೆಲ್ಲ ಏನೆಂದು ಆ ಹೊತ್ತು ನಮ್ಮಿಬ್ಬರಿಗೂ ತಿಳಿಯಿತು. ಕೆಂಪು ಹಸಿರು ಬೇರೆ ಮಾಡಲಾರದವನ ಕೈಗೆ ಎಂಜಿನ್ ಕೊಡುವುದಿಲ್ಲ, ಕೊಡಲೂಬಾರದು. ಅವನೇ ಹಾಗೆಂದ. ಆಮೇಲೆ ಅವನು ರೈಲು ಹತ್ತಿಲ್ಲ. ನಾವೆಲ್ಲ ಪಂಢರಪುರಕ್ಕೆ ರೈಲಿನಲ್ಲಿ ಹೋದಾಗ ಅವನು ಬಸ್ಸು ಬದಲಿಸುತ್ತ ಬದಲಿಸುತ್ತ ಬಂದು ಗುಡಿಯ ಬಾಗಿಲಲ್ಲಿ ನಮ್ಮನ್ನು ಕೂಡಿಕೊಂಡ. ‘ನಿಮ್ಮ ತಮ್ಮಂದು ಹಟ ಐತಿ ನೋಡು’ ಎಂದು ನಮ್ಮ ಮನೆಯವರು ಅಂದರು. ಹಟ ಆಗಿದ್ದರೆ ನಾನು ಬೈದು ಬಿಡಿಸುತ್ತಿದ್ದೆ.

ಅವನು ಸೊರಬದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟ. ಲಕ್ಷ್ಮಿ, ಸರಸ್ವತಿ, ಚಂದ್ರಗುತ್ತಿಯ ಅಮ್ಮ, ತೀರಿಕೊಂಡ ಹಿರಿಯರು, ಎಲ್ಲರಿಗೂ ಗಾಜು, ರಟ್ಟು, ಮರದ ಪಟ್ಟಿ. ಒಂದು ಪಂಚಮಿಗೆ ತವರಿಗೆ ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಎಂಜಿನ್ ಕಂಡೆ, ಗೇಣುದ್ದದ್ದು. ಮೈಯೆಲ್ಲ ಕಟ್ಟು ಹಾಕಿ ಉಳಿದ ಪಟ್ಟಿಯ ಚೂರು. ಉರುಟಾದ ಬಾಯ್ಲರ್ ನೀರಿನ ಪೈಪಿನ ತುಂಡು. ಹೊಗೆ ಕೊಳವೆ ಪೆನ್ನಿನ ಮುಚ್ಚಳ. ಒಳಗೆ ಹಾಳಾದ ಟೇಪ್ ರೆಕಾರ್ಡರಿನ ಮೋಟಾರು. ಹಳಿಯ ಮೇಲಿಟ್ಟು ಕರೆಂಟು ಕೊಟ್ಟರೆ ಗೊರಗೊರ ಎನ್ನುತ್ತ ಓಡಿತು. ಬಣ್ಣ ಮಾತ್ರ ಇರಲಿಲ್ಲ.

ಬಣ್ಣದ ಕೆಲಸ ನನ್ನದಾಯಿತು. ಪಂಚಮಿ, ದೀಪಾವಳಿ, ಯುಗಾದಿ, ಯಾವ ಹಬ್ಬಕ್ಕೆ ಹೋದರೂ ಅಡುಗೆಮನೆ ಮುಗಿಸಿ ಆ ಕೋಣೆಗೆ ಹೋಗಿ ಕೂರುತ್ತಿದ್ದೆ. ಹೊಸ ಎಂಜಿನ್ನು ಮಿರಿಮಿರಿ ಮಿಂಚಿದರೆ ಸುಳ್ಳು ಕಾಣುತ್ತದೆ, ಅದಕ್ಕೆ ಮಸಿ, ತುಕ್ಕು, ಧೂಳು ಎಲ್ಲ ಇರಬೇಕು ಎಂದು ಅವನು ಹೇಳುತ್ತಿದ್ದ. ನಾನು ರಂಗೋಲಿ ಬಣ್ಣದ ಪುಡಿಗಳನ್ನು ಬೆರೆಸಿ, ಹಳೇ ಕುಂಚದಿಂದ ಗಾಲಿಗಳಿಗೆ ತುಕ್ಕು ಹಿಡಿಸುತ್ತಿದ್ದೆ. ದೇವರು ದೊಡ್ಡವನು, ಒಂದು ಕಿತ್ತುಕೊಂಡರೆ ಇನ್ನೊಂದನ್ನು ಪೂರ್ತಿ ಕೊಟ್ಟಿರುತ್ತಾನೆ. ಬಣ್ಣ ತಿಳಿಯದ ನನ್ನ ತಮ್ಮನಿಗೆ ನೆರಳು ನನಗಿಂತ ಚೆನ್ನಾಗಿ ತಿಳಿಯುತ್ತದೆ. ‘ಇನ್ನೊಂಚೂರು ಕಪ್ಪಾಗ್ಲಿ, ಅಲ್ಲಿ ಮಳೆ ನೀರು ಇಳಿತದೆ’ ಎನ್ನುತ್ತಿದ್ದ. ಅವನು ಹೇಳಿದಷ್ಟು ಕಪ್ಪು ಮಾಡಿದರೆ ಆ ಪೈಪಿನ ತುಂಡು ಹಣ್ಣು ಹಣ್ಣು ಮುದುಕ ಎಂಜಿನ್ನಾಗಿ ಕೂರುತ್ತಿತ್ತು.

ಎಂಜಿನ್ನಿನ ಮೈಮೇಲೆ ಸಾಲಾಗಿ ಕಾಣುವ ಮೊಳೆ ತಲೆಗಳನ್ನು ಯಾವುದರಿಂದ ಮಾಡುವುದೆಂದು ಅವನು ಬಹಳ ಯೋಚಿಸುತ್ತಿದ್ದ. ನಾನು ಅಡುಗೆಮನೆಯಿಂದ ಗಸಗಸೆ ತಂದು ಕೊಟ್ಟೆ. ಅಂಟಿನ ಗೆರೆ ಎಳೆದು, ಸೂಜಿಯ ಮೊನೆಯಿಂದ ಒಂದೊಂದೇ ಕಾಳು ಕೂರಿಸಿದ. ಬೆಳಿಗ್ಗೆ ನೋಡಿದರೆ ಇರುವೆಗಳು ಒಂದು ಸಾಲು ಮೊಳೆಗಳನ್ನು ಹೊತ್ತುಕೊಂಡು ಹೋಗಿದ್ದವು. ‘ಅತ್ತಿಗೆ, ನಿಮ್ಮ ಎಂಜಿನ್ನಿಗೆ ಒಂದು ಲೋಟ ಹಾಲು ಬೆಲ್ಲ ಹಾಕಿಬಿಟ್ರೆ ಪಾಯಸನೇ ಆಗ್ತಿತ್ತು’ ಎಂದು ತಮ್ಮನ ಹೆಂಡತಿ ನಕ್ಕಳು. ಆಮೇಲಿನ ಮೊಳೆಗಳಿಗೆ ವಾರ್ನಿಷ್ ಬಳಿದೆವು.

ವರ್ಷ ಕಳೆದಂತೆ ಹಳಿ ಕೂರಿಸಿದ ಹಲಗೆಯ ಮೇಲೆ ಒಂದು ಸೀಮೆಯೇ ಎದ್ದಿತು. ಹಳಿಯ ಈ ತುದಿಗೆ ಸೊರಬ ನಿಲ್ದಾಣ, ಆ ತುದಿಗೆ ಶಿಕಾರಿಪುರ. ರಟ್ಟಿನ ಗೋಡೆ, ಹೆಂಚಿನ ಮಾಡು, ಬೆಂಕಿಕಡ್ಡಿಯ ಬೆಂಚು. ತುಳಸಿ ಮದುವೆ ಮುಗಿದ ಮೇಲೆ ಒಣಗಿದ ತುಳಸಿ ಕಡ್ಡಿಗಳನ್ನು ನಾನು ಎಸೆಯದೆ ತೆಗೆದಿಟ್ಟು ಒಯ್ಯುತ್ತಿದ್ದೆ. ಅವು ಮರಗಳಾದವು. ಹಸಿರು ಹಾಕಿದ ಮರದ ಪುಡಿ ಗದ್ದೆಯಾಯಿತು. ಒಡೆದ ಗಾಜಿನ ಒಂದು ದೊಡ್ಡ ತುಂಡನ್ನು ಹಲಗೆಯ ನಡುವೆ ಕೂರಿಸಿ ಅಂಬ್ಲಿಗೊಳ ಜಲಾಶಯದ ನೀರು ಎಂದ. ನಮ್ಮ ಊರುಗಳ ನಡುವೆ ಅಂಬ್ಲಿಗೊಳ ಎಲ್ಲಿ ಬಂತೋ ಎಂದರೆ, ಇಲ್ಲದ ರೈಲು ಎಲ್ಲಿ ಬೇಕಾದರೂ ಸುತ್ತಿಕೊಂಡು ಹೋಗುತ್ತದೆ ಎಂದು ಉತ್ತರ. ಅವನ ರೈಲು ಸೊರಬ ಬಿಟ್ಟು ನನ್ನ ಊರಿಗೆ ಬಂದು ಸೇರುವುದನ್ನು ನೋಡುವಾಗ ನಾನು ಕುಂಚ ಕೆಳಗಿಟ್ಟುಬಿಡುತ್ತಿದ್ದೆ. ನನ್ನದು ಬಸ್ಸಿನ ದಾರಿ, ಶಿರಾಳಕೊಪ್ಪದಲ್ಲಿ ಇಳಿದು ಮತ್ತೊಂದು ಬಸ್ಸಿಗೆ ಕಾಯಬೇಕು. ಅಕ್ಕನ ಮನೆಗೆ ಎಲ್ಲೂ ನಿಲ್ಲದೆ ಹೋಗುವ ಹಳಿಯನ್ನು ಅವನು ಹಾಕಿಬಿಟ್ಟಿದ್ದ.

ಅಷ್ಟೆಲ್ಲ ಇದ್ದರೂ ಸಿಗ್ನಲ್ ಇರಲಿಲ್ಲ. ನಾನು ಗಮನಿಸಿದ್ದೆ, ಕೇಳಿರಲಿಲ್ಲ. ಫೋಟೋ ಕಟ್ಟಿಸಲು ಬಂದಿದ್ದ ಒಬ್ಬ ಮೇಷ್ಟರು ಒಳಗೆ ಇಣುಕಿ, ಎಲ್ಲ ಮಾಡಿದ್ದೀರಿ, ಕೆಂಪು ಹಸಿರು ದೀಪ ಒಂದು ಮರೆತಿರಲ್ಲ ಎಂದರಂತೆ. ಪಾಪ, ಮೆಚ್ಚಿಯೇ ಹೇಳಿದ್ದು. ಅವರು ಹೋದ ಮೇಲೆ ತಮ್ಮ ಇಡೀ ಹಲಗೆಗೆ ಹಳೇ ಜಮಖಾನ ಹೊದಿಸಿದ. ಮುಂದಿನ ಪಂಚಮಿಗೆ ನಾನು ಹೋದಾಗಲೂ ಅದು ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು.

‘ಆ ಕೋಣೆಗೇ ಹೋಗದಿಲ್ಲ ಅತ್ತಿಗೆ’ ಎಂದು ತಮ್ಮನ ಹೆಂಡತಿ ತಂಬಿಟ್ಟಿನ ಉಂಡೆ ಕಟ್ಟುತ್ತ ತಗ್ಗಿದ ದನಿಯಲ್ಲಿ ಹೇಳಿದಳು. ‘ಬೈದಾದ್ರೂ ಹೇಳಿ. ಅದಿದ್ರೆ ಮನೇಲಿ ಮಾತಾಡ್ತಿದ್ರು.’

ಏನೆಂದು ಬೈಯಲಿ? ಪದ್ಧತಿಯಂತೆ ಹಾಲಿನಲ್ಲಿ ಹೂವು ಅದ್ದಿ ಅವನ ಬೆನ್ನಿಗೆ ಎರೆದೆ. ನಾಗಪ್ಪ, ನನ್ನ ತಮ್ಮನ ಬೆನ್ನು ತಣ್ಣಗಿರಲಿ, ಅವನ ರೈಲು ಅವನಿಗೆ ತಿರುಗಿ ಸಿಗಲಿ ಎಂದು ಬೇಡಿಕೊಂಡೆ. ಬೈಯದೆಯೇ ವಾಪಸು ಬಸ್ಸು ಹತ್ತಿದೆ.

ದಾರಿಯಲ್ಲಿ ಅರಣ್ಯ ಇಲಾಖೆಯ ತನಿಖಾ ಠಾಣೆಯ ಮುಂದೆ ಬಸ್ಸು ನಿಂತಿತು. ರಸ್ತೆಗೆ ಅಡ್ಡ ಒಂದು ಗಳ, ಅದರ ಬುಡಕ್ಕೆ ಕಲ್ಲು ಕಟ್ಟಿತ್ತು. ಕಾವಲಿನವನು ಹಗ್ಗ ಸಡಿಲ ಬಿಟ್ಟ, ಕಲ್ಲಿನ ಭಾರಕ್ಕೆ ಗಳ ಮೇಲೆದ್ದಿತು, ಬಸ್ಸು ಹೊರಟಿತು. ಎಷ್ಟೋ ಸಲ ನೋಡಿದ್ದೇ. ಅಂದು ಮಾತ್ರ ನನಗೆ ಅಪ್ಪನ ಪಂಚೆ ಜಗ್ಗುತ್ತಿದ್ದ ಹುಡುಗ ಕಣ್ಣ ಮುಂದೆ ಬಂದ. ಕೈಮರ ನೋಡುವುದಕ್ಕೆ ಬಣ್ಣ ಯಾಕೆ ಬೇಕು? ಹಗಲು ಹೊತ್ತಿನಲ್ಲಿ ಅದು ಕೈಯಿಂದಲೇ ಮಾತಾಡುತ್ತದೆ. ಆ ನಿಲ್ದಾಣದಲ್ಲಿ ಎಲ್ಲರಿಗಿಂತ ಮೊದಲು ಅದರ ಮಾತು ತಿಳಿದವನು ಅವನೇ ಆಗಿದ್ದ.

ಮನೆಗೆ ಬಂದು ನನಗೆ ತಿಳಿದಂತೆ ಒಂದನ್ನು ಮಾಡಿದೆ. ಕಂಬಕ್ಕೆ ಪೊರಕೆ ಕಡ್ಡಿಗಳ ಕಟ್ಟು, ಕೈಗೆ ಐಸ್‌ಕ್ರೀಮ್ ಕಡ್ಡಿ, ನಡುವೆ ಗುಂಡುಸೂಜಿ. ಎಳೆದ ದಾರ ಬಿಟ್ಟಾಗ ಕೈ ಮತ್ತೆ ಅಡ್ಡಕ್ಕೆ ಬರಬೇಕಲ್ಲ, ಅದಕ್ಕೆ ಭಾರವಾಗಿ ಹಳೇ ಓಲೆಯ ತಿರುಪು ಕಟ್ಟಿದೆ. ನಮ್ಮ ಮನೆಯವರು ಓದುತ್ತಿದ್ದ ಪೇಪರ್ ಮಡಚಿಟ್ಟು, ‘ಏನ್ ಮಾಡಾಕತ್ತಿ?’ ಎಂದರು. ಹೇಳಿದೆ. ಅವರು ನಗಲಿಲ್ಲ. ಗುಂಡುಸೂಜಿ ಬಿಗಿಯಾಯಿತು, ಸ್ವಲ್ಪ ಎಣ್ಣೆ ಹಾಕು ಎಂದರು. ದೇವರ ದೀಪದ ಎಣ್ಣೆಯನ್ನೇ ಒಂದು ಹನಿ ಬಿಟ್ಟೆ.

ದೀಪಾವಳಿಗೆ ಅದನ್ನು ಹತ್ತಿಯಲ್ಲಿ ಸುತ್ತಿ ಒಯ್ದೆ. ತಮ್ಮ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ. ಹತ್ತಿ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದೆ.

‘ಇದೆಂತದು ಅಕ್ಕ?’

‘ಸಾಗರದ್ದು.’

ಅವನು ಬಗ್ಗಿ ಕಂಬದ ಬುಡದಿಂದ ತುದಿಯವರೆಗೆ ನೋಡಿದ. ಆಮೇಲೆ ಬೆರಳ ತುದಿಯಲ್ಲಿ ದಾರ ಎಳೆದ. ಕೈ ದಡಕ್ಕನೆ ಬಿದ್ದು ಕಂಬಕ್ಕೆ ಅಂಟಿ ನೇತಾಡಿತು.

‘ಹಿಂಗಲ್ಲ ಬೀಳದು’ ಎಂದ. ‘ಓರೆಗೆ ನಿಲ್ಬೇಕು. ನೀ ಕಿಟಕಿ ಸಿಗ್ಲಿಲ್ಲ ಅಂತ ಮುಖ ಊದಿಸ್ಕೊಂಡಿದ್ದೆ, ಸರಿಯಾಗಿ ನೋಡೇ ಇಲ್ಲ.’

ಅಷ್ಟು ಹೇಳಿ ಸೂಜಿ ಕಿತ್ತು ನನ್ನ ಕೈಮರವನ್ನು ಬಿಡಿಬಿಡಿ ಮಾಡಿದ. ತಿರುಪನ್ನು ಮಾತ್ರ ಜೋಪಾನವಾಗಿ ಜೇಬಿಗೆ ಹಾಕಿಕೊಂಡ. ನನಗೆ ಕಣ್ಣೀರು ಬಂತು, ದುಃಖದ್ದಲ್ಲ. ಮುರಿದು ಮಾಡುವ ಮನಸ್ಸು ಅವನಿಗೆ ತಿರುಗಿ ಬಂದಿತ್ತು.

ಯುಗಾದಿಗೆ ಬಾ ಎಂದು ಅವನೇ ಫೋನು ಮಾಡಿದ. ಹೋದಾಗ ಜಮಖಾನ ತೆಗೆದು ಮಡಚಿಟ್ಟಿತ್ತು. ಸೊರಬ ನಿಲ್ದಾಣದ ಪಕ್ಕ ಫೋಟೋ ಕಟ್ಟಿನ ತಗಡಿನಿಂದ ಮಾಡಿದ ಕೈಮರ ನಿಂತಿತ್ತು. ಏಣಿ ಇತ್ತು, ತಂತಿ ಇತ್ತು, ನನ್ನ ಓಲೆಯ ತಿರುಪೂ ಇತ್ತು. ಈ ಸಲ ನನಗೆ ಕಾಯದೆ ಅವನೇ ಕೈಗೆ ಬಣ್ಣ ಬಳಿದಿದ್ದ. ತಮ್ಮನ ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

‘ತಮ್ಮ, ಕೈ ಕೆಂಪಿರ್ಬೇಕಿತ್ತು. ನೀ ಹಸಿರು ಬಳಿದೀಯ.’

ಅವನು ಬಣ್ಣದ ಶೀಶೆಯನ್ನು ಎತ್ತಿ ನೋಡಿದ. ಮುಚ್ಚಳದ ಮೇಲೆ ನಾನು ಬಣ್ಣದ ಹೆಸರು ಬರೆದು ಅಂಟಿಸಿದ್ದ ಚೀಟಿ ಉದುರಿಹೋಗಿತ್ತು. ಅವನು ಶೀಶೆ ಕೆಳಗಿಟ್ಟು ತಂತಿ ಎಳೆದ. ಕೈ ಮೆಲ್ಲಗೆ ಇಳಿದು ಓರೆಗೆ ನಿಂತಿತು. ಕರೆಂಟು ಕೊಟ್ಟ. ಗಸಗಸೆ ಮೊಳೆಯ ಮುದುಕ ಎಂಜಿನ್ನು ಗೊರಗೊರ ಎನ್ನುತ್ತ ಸೊರಬ ಬಿಟ್ಟಿತು.

‘ಬಿತ್ತಲ್ಲ ಕೈ’ ಎಂದು ಅವನು ನಕ್ಕ. ‘ಬಣ್ಣ ಆಮೇಲೆ ನೀ ಬಳಿ.’

ಕಣ್ಣಿನ ಮಾತು ಬಂದಾಗ ಅವನು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಗಾಡಿ ಗಾಜಿನ ಅಂಬ್ಲಿಗೊಳ ದಾಟಿತು, ತುಳಸಿ ಮರಗಳ ಮರೆಗೆ ಹೋಗಿ ಈಚೆ ಬಂತು, ನನ್ನ ಊರಲ್ಲಿ ನಿಂತಿತು. ಈಗ ಕೇಳದಿದ್ದರೆ ಮತ್ತೆಂದೂ ಕೇಳಲಾರೆ ಅನಿಸಿತು. ಸಾಗರದಿಂದ ಒಂದು ಸಲ ಇಬ್ಬರೂ ಹೋಗಿ ಬರೋಣ ಎಂದೆ.

‘ಅಲ್ಲೀಗ ಕೈ ಇಲ್ಲ ಅಕ್ಕ. ಎಲ್ಲ ದೀಪ.’

‘ದೀಪ ನಾ ನೋಡ್ತೀನಿ.’

ಅವನು ಎಂಜಿನ್ನನ್ನು ಹಳಿಯಿಂದ ಎತ್ತಿ ಗಾಲಿ ಒರೆಸತೊಡಗಿದ. ಒಂದೊಂದೇ ಗಾಲಿ ತಿರುಗಿಸಿ ನೋಡಿದ. ಉತ್ತರ ಬರುವುದಿಲ್ಲವೆಂದು ನಾನು ಎದ್ದು ಅಡುಗೆಮನೆಯ ಬಾಗಿಲ ತನಕ ಹೋಗಿದ್ದೆ.

‘ಕಿಟಕಿ ನಂಗೇ ಬೇಕು’ ಎಂದ, ತಲೆ ಎತ್ತದೆ.

ಇನ್ನೂ ಹೋಗಿಲ್ಲ. ಯುಗಾದಿಯ ನಂತರ ಮದುವೆಯ ಕಾಲ, ಅವನಿಗೆ ಅಂಗಡಿಯಲ್ಲಿ ಕೈಗೆ ಬಿಡುವಿಲ್ಲ. ಆಮೇಲೆ ಮಳೆ ಹಿಡಿಯಿತು. ಮೊನ್ನೆ ಫೋನಿನಲ್ಲಿ, ಬೆಳಗಿನ ಗಾಡಿ ಸಾಗರದಿಂದ ಎಷ್ಟು ಹೊತ್ತಿಗೆ ಎಂದು ಭಾವನ ಹತ್ತಿರ ಕೇಳಿ ಇಟ್ಟಿರು ಎಂದ. ಕೇಳಿ ಇಟ್ಟಿದ್ದೇನೆ. ಶನಿವಾರ ಗುಡಿಯಲ್ಲಿ ನಾನು ಬೇಡುವುದು ಈಗ ಸ್ವಲ್ಪ ಕಡಿಮೆಯಾಗಿದೆ. ಆ ದಿನ ಬಂದಾಗ ನನ್ನ ಮೊಣಕಾಲು ರೈಲಿನ ಮೆಟ್ಟಿಲಷ್ಟನ್ನು ಹತ್ತಿದರೆ ಸಾಕು. ಕಿಟಕಿ ಅವನಿಗೇ ಇರಲಿ. ಅವನ ತಲೆಯ ಸಂದಿಯಿಂದ ನೋಡುವುದು ನನಗೆ ರೂಢಿಯಿದೆ.