ಮೂಡಲ ಗೋಡೆಯ ಬಣವೆ

ಎಪ್ಪತ್ತರ ದಶಕದ ಮೊದಲಿಗೆ ನಾನು ಧಾರವಾಡದಿಂದ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ನನ್ನ ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಫ್ರಾನ್ಸ್ ದೇಶದ ಹಳೆಯ ಚಿತ್ರಗಳಿದ್ದ ಕ್ಯಾಲೆಂಡರ್ ಒಂದು ಅವನಿಗೆ ಎಲ್ಲಿಂದಲೋ ಸಿಕ್ಕಿತ್ತು. ವರ್ಷ ಮುಗಿದ ಮೇಲೆ ನನಗೆ ಕೊಟ್ಟ. ಕೊಳದ ನೈದಿಲೆ, ಛತ್ರಿ ಹಿಡಿದ ಹೆಂಗಸು ಎಲ್ಲ ಇದ್ದವು. ನನಗೆ ಹಿಡಿಸಿದ್ದು ಕೆಂಪು ಬೆಳಕಿನಲ್ಲಿ ನಿಂತ ಎರಡು ಬಣವೆ. ತಾರೀಖಿನ ಭಾಗ ಕತ್ತರಿಸಿ, ದೇವರ ಫೋಟೋಗಳಿಗೆ ಕಟ್ಟು ಹಾಕುವವನ ಅಂಗಡಿಗೆ ಒಯ್ದೆ.

"ಇದ್ಯಾವ ದೇವರ್ರೀ ಅಕ್ಕಾರ?"

"ಬಣವಿ ದೇವರು" ಎಂದೆ. ಬಂಗಾರ ಬಣ್ಣದ ಕಟ್ಟನ್ನೇ ಹಾಕಿಕೊಟ್ಟ.

ಪಡಸಾಲೆಯಲ್ಲಿ ಬಾಗಿಲಿಗೆ ಎದುರಾದ ಪಡುವಣ ಗೋಡೆಗೆ ತೂಗುಹಾಕಿದೆ. ಹೊಲದಿಂದ ಬಂದ ಅತ್ತೆ ಹೊಸ್ತಿಲಲ್ಲೇ ನಿಂತರು.

"ಬಣವಿಗೆ ಬೆಂಕಿ ಹತ್ತೇತಿ. ತಗೀ ಅದನ್ನ."

"ಬೆಂಕಿ ಅಲ್ರಿ ಅತ್ತಿ. ಹೊತ್ತು ಮುಳುಗೂ ಬಣ್ಣ ಅದು."

"ಹೊತ್ತು ಮುಳುಗೂದನ್ನ ಯಾರರ ಮನ್ಯಾಗ ತೂಗಹಾಕ್ಕೋತಾರೇನ?"

ನನಗೆ ಸಿಟ್ಟು ನೆತ್ತಿಗೇರಿತು. ಹಂಡೆಯಿಂದ ಹಾಸಿಗೆಯವರೆಗೆ ಆ ಮನೆಯಲ್ಲಿ ಎಲ್ಲ ಅವರದೇ. ನನ್ನದು ಎನ್ನುವುದು ಅದೊಂದೇ ಚಿತ್ರ. ತೆಗೆದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅವತ್ತು ನಾನು ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿರಬೇಕು.

ಉಣ್ಣುವಾಗ ಮಾವ ಮೆಲ್ಲಗೆ ಹೇಳಿದರು: "ಅಕಿ ಸಣ್ಣಾಕಿ ಇದ್ದಾಗ ಸಂಪಗಾಂವದಾಗ ಅವರ ಬಣವಿ ಸುಟ್ಟಿತ್ತವಾ. ಮೇವಿಲ್ದ ಎತ್ತು ಮಾರಿದ್ರು."

ಸಿಟ್ಟು ಇಳಿಯಿತು. ಬೇಜಾರು ಇಳಿಯಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ ದಿನ ನೂಕಿದೆ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಅತ್ತೆ ಕೇಳಿದರು: "ಆ ಫೋಟೋ ಎಲ್ಲಿಂದ ತಂದಿದ್ದಿ?"

"ನಮ್ಮಣ್ಣ ಕೊಟ್ಟಿದ್ದರಿ."

ಅವರ ಕೈ ಮೊರದಲ್ಲೇ ನಿಂತಿತು. "ತವರಮನೀದು ಅಂತ ಮೊದಲ ಹೇಳಬಾರದೇನ? ಅದನ್ನ ಟ್ರಂಕಿನ್ಯಾಗ ಹಾಕಿ ಕುಂತೀಯಲ್ಲ!"

ಎದ್ದು, ಚಿತ್ರ ತರಿಸಿದರು. ಗಾಜನ್ನು ಸೆರಗಿನಿಂದ ಒರೆಸಿದರು. ಈ ಸಲ ಎದುರಿನ ಗೋಡೆ ಬಿಟ್ಟು, ಬಾಗಿಲಿದ್ದ ಗೋಡೆಗೆ ತಾವೇ ಮೊಳೆ ಹೊಡೆದರು. ಹೊಡೆಯುವಾಗ ಒಂದು ಸಲವೂ ಬಣವೆಗಳ ಕಡೆ ನೋಡಲಿಲ್ಲ. ಅವರಿಗೆ ಇನ್ನೂ ಹೆದರಿಕೆ ಇತ್ತು.

"ಬ್ಯಾಡ ಬಿಡ್ರಿ ಅತ್ತಿ" ಎಂದೆ. "ಹೊತ್ತು ಮುಳುಗೂದು ಮನ್ಯಾಗ ಇರಬಾರದು ಅಂದಿದ್ರಿ."

"ಮೂಡಲ ಗ್ವಾಡ್ಯಾಗ ಹೊತ್ತು ಮುಳುಗತೈತೇನ, ಹುಚ್ಚಿ? ಇದು ಮುಂಜಾನಿ."

ಅತ್ತೆ ಹೋಗಿ ಬಹಳ ವರ್ಷವಾಯಿತು. ಚಿತ್ರ ನೋಡಿ ಯಾರಾದರೂ ಸಂಜೆ ಎಂದರೆ ನಾನು ಒಪ್ಪುವುದಿಲ್ಲ.