ಮಾಲಕನಿಗೊಬ್ಬ ಜಾಮೀನುದಾರ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಮನುಷ್ಯ ನಾನು. ಹೋಗುವ ಮುಂಚೆ ಒಂದು ಪ್ರಶ್ನೆ ಮಾತ್ರ ಕೇಳುತ್ತಿದ್ದೆ: ಕಂಡವನು ನೀನೋ, ನಿನ್ನ ಷಡ್ಡಕನೋ? ಪ್ರತಿ ಸಲವೂ ಷಡ್ಡಕನೇ ಕಂಡಿರುತ್ತಿದ್ದ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ನಾನೇ ಕಂಡೆ, ಅದೂ ಮಟಮಟ ಮಧ್ಯಾಹ್ನದಲ್ಲಿ. ಕಂಡದ್ದು ಏನು ಎಂದು ಮಾತ್ರ ಕೇಳಬೇಡಿ. ಇಷ್ಟು ವರ್ಷವಾದರೂ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದರ ಸಿಟ್ಟೂ ಇಳಿದಿಲ್ಲ.

ಪೊಲೀಸ್ ಆಕ್ಷನ್ ಆಗಿ ವರ್ಷ ದಾಟಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಕಾರುಬಾರು ಮುಗಿದಿತ್ತು. ನಾನು ಬೀದರಿನಲ್ಲಿ ಲಾರಿ ಹೊಡೆಯಲು ಕಲಿತು ಆಗಷ್ಟೇ ಲೈಸೆನ್ಸ್ ಪಡೆದಿದ್ದೆ. ಉರ್ದುವಿನಲ್ಲಿ ಬರೆದ ಆ ಕಾಗದವನ್ನು ನಮ್ಮವ್ವ ದೇವರ ಜಗುಲಿಯ ಮೇಲಿಟ್ಟು ಅದಕ್ಕೂ ವಿಭೂತಿ ಹಚ್ಚಿದ್ದಳು. ನಮ್ಮದು ಕುರಿ ಸಾಕುವ ಮನೆತನ. ಯುಗಾದಿಯೊಳಗೆ ನೌಕರಿ ಹಿಡಿಯದಿದ್ದರೆ ಲಾರಿಯ ಹುಚ್ಚು ಬಿಟ್ಟು ಕಾಕಾನ ಕುರಿಗಳ ಹಿಂದೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದಕ್ಕಿಂತ ಸಾಯುವುದು ಮೇಲು ಎಂದು ನನಗನ್ನಿಸಿತ್ತು.

"ಭರೋಸದ ಮಾಲಕನ ಹತ್ರ ಸೇರಪಾ. ಮೊದಲನೇ ನೌಕರಿನೇ ಕೆಟ್ಟರ ಜಲ್ಮನೇ ಕೆಡ್ತದ" ಎಂದು ಸೋದರಮಾವ ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಕೇರಿಯವರೆಲ್ಲ ಹೇಳಿದ್ದೂ ಅದನ್ನೇ. ಭರೋಸದ ಮಾಲಕನನ್ನು ಗುರುತಿಸುವುದು ಹೇಗೆ ಎಂದು ಕೇಳಿದರೆ ಹಣೆಯ ವಿಭೂತಿ ನೋಡು ಎನ್ನುತ್ತಿದ್ದರು. ಹಣೆ ತುಂಬ ವಿಭೂತಿ ಬಳಿದವರೆಲ್ಲ ಭರೋಸದವರಾಗಿದ್ದರೆ ಬೀದರಿಗೆ ಕೋರ್ಟೇ ಬೇಕಾಗಿರಲಿಲ್ಲ.

ಆಗ ಡ್ರೈವರ್ ಬೇಕಾಗಿದ್ದ ಲಾರಿಗಳು ಎರಡೇ. ಒಂದು ನೌಬಾದದ ಒಬ್ಬ ಸಾಹುಕಾರನದು. ಒಳ್ಳೆಯ ಗಾಡಿ, ಸಾಹುಕಾರನ ಮಾತೂ ಬೆಲ್ಲ. ಇನ್ನೊಂದು ಭಾಲ್ಕಿಯ ನೀಲಮ್ಮ ಎಂಬ ವಿಧವೆಯದು. ಗಂಡ ಬಿಟ್ಟುಹೋದ ಮುದಿ ಲಾರಿ, ಮಾತಂತೂ ಕಲ್ಲು ಒಡೆದ ಹಾಗೆ ಎಂದು ಜನ ಹೇಳುತ್ತಿದ್ದರು. ಮಾವ ನನ್ನನ್ನು ಸಾಹುಕಾರನ ಮುಂದೆ ನಿಲ್ಲಿಸಿದ. ಹೊಸ ಡ್ರೈವರನಿಗೆ ಊರಿನ ಒಬ್ಬ ಮರ್ಯಾದಸ್ಥ ಜಾಮೀನು ನಿಲ್ಲುವುದು ಆಗಿನ ಪದ್ಧತಿ. ಮಾವನೇ ನಿಂತ. ಎಲ್ಲ ಮುಗಿಯಿತು ಎನ್ನುವಾಗ ಸಾಹುಕಾರ, "ಲೈಸನ್ಸ್ ನನ್ನ ತಿಜೋರಿಯೊಳಗ ಇರಲಿ ತಮ್ಮಾ. ನಿನ್ನ ಹತ್ರ ಇದ್ರ ಕಳೀತದ" ಎಂದು ಕೈ ಚಾಚಿದ.

ನನಗೆ ಯಾಕೋ ರೇಗಿತು. ಎರಡು ವರ್ಷ ಕೈಗೆ ಗುಳ್ಳೆ ಬರುವಂತೆ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿ ಗಳಿಸಿದ ಕಾಗದ ಅದು. "ನನ್ನ ಜಾಮೀನು ಆಯ್ತ್ರಿ ಸಾವಕಾರ್ರ. ನಿಮ್ಮ ಜಾಮೀನು ಯಾರ್ರಿ?" ಎಂದುಬಿಟ್ಟೆ. ಮಾವ ನನ್ನ ಕಾಲು ತುಳಿದ. ಸಾಹುಕಾರ ಮಾತ್ರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಠಾಣಾ ಕುಶನೂರದಾಗ ಮಾಣಿಕಪ್ಪ ಅಂತ ಹಾನ. ನನ್ನ ಲಾರಿಗಿ ತೊಗರಿ ಏರಿಸೋನು ಅವನೇ. ಹೋಗಿ ಕೇಳಕೊಂಡು ಬಾ, ನಾ ಎಂಥವ ಅಂತ" ಎಂದ. ತಮಾಷೆಗೆ ಹೇಳಿರಬೇಕು. ನಾನು ನಿಜವಾಗಿಯೂ ಹೊರಟೆ.

ಔರಾದಿನ ಬಸ್ಸು ಹತ್ತಿ, ನಡುವೆ ಇಳಿದು, ಉಳಿದ ದಾರಿ ನಡೆದೆ. ಊರು ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ರಾಶಿಯ ದಿನಗಳಾದ್ದರಿಂದ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೇವಿನ ಮರದ ಕೆಳಗಿನ ಒಂದು ಕಟ್ಟೆಯ ಮೇಲೆ ಹಳೆಯ ಖಾಕಿ ಕೋಟು ತೊಟ್ಟ ನಡುವಯಸ್ಸಿನವನೊಬ್ಬ ಕುಳಿತಿದ್ದ. "ಮಾಣಿಕಪ್ಪನವರ ಮನಿ ಇದೇ ಏನ್ರಿ?" ಎಂದೆ. "ಇದೇ. ಕೂಡು" ಎಂದ. ಇವನೇ ಮಾಣಿಕಪ್ಪ ಎಂದುಕೊಂಡೆ. ಹಾಗೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪು ನನ್ನದೇ.

ಸಾಹುಕಾರನ ಹೆಸರು ಎತ್ತಿದೊಡನೆ ಅವನು, "ಗಾಡಿ ಛಲೋ ಅದ. ಲೈಸನ್ಸ್ ಕೇಳ್ತಾನ, ಕೊಡಬ್ಯಾಡ" ಎಂದ. ನಾನು ಬೆಚ್ಚಿದೆ. ನಿಧಾನವಾಗಿ, ಹೊಲದ ಮಾತು ಆಡುವವನಂತೆ, ಹಿಂದಿನ ಡ್ರೈವರನ ವಿಷಯ ಹೇಳಿದ. "ಪೊಲೀಸ್ ಆಕ್ಷನ್ ಮುಂಚಿನ ಗಡಿಬಿಡಿ ದಿನದಾಗ ಮಾಲಕ ಯಾರನ್ನ ಒಯ್ಯಿ ಅಂದ್ನೋ ಅವರನ್ನ ಒಯ್ದ, ಎಲ್ಲಿ ಇಳಿಸು ಅಂದ್ನೋ ಅಲ್ಲಿ ಇಳಿಸ್ದ. ಆಮ್ಯಾಲ ಮಿಲಿಟರಿಯವರು ಬಂದು ಹಿಡದ್ರು. ಮಾಲಕನ್ನ ಕೇಳಿದ್ರ, ಅಂವ ಯಾರೋ ನನಗ ಗೊತ್ತಿಲ್ರಿ, ನನ್ನ ಲಾರಿ ಕದ್ದಾನ, ಅಂದ. ಲೈಸನ್ಸ್ ತಿಜೋರಿಯೊಳಗ ಇತ್ತು. ತಾ ಆ ಗಾಡಿ ಡ್ರೈವರ್ ಅಂತ ಹ್ಯಾಂಗ ತೋರಿಸ್ತಾನ?"

"ಆಮ್ಯಾಲ ಅಂವ ಏನಾದ್ರಿ?" ಎಂದೆ.

"ಅದು ಬಿಡು. ಪಗಾರ, ಗಾಡಿ ಎಲ್ಲಾ ಆಮ್ಯಾಲ. ಕಷ್ಟ ಬಂದಾಗ ನಿನ್ನ ಗುರುತು ಹಿಡಿತಾನೋ ಇಲ್ಲೋ, ಮಾಲಕನದು ಅದೊಂದೇ ನೋಡು" ಎಂದ. ನೀರು ಕೇಳಿದೆ. ಓಣಿಯ ಕೊನೆಯ ಬಾವಿಯತ್ತ ಕೈ ತೋರಿಸಿದ. ನಾನು ಕುಡಿದು ತಿರುಗಿ ಬರುವಷ್ಟರಲ್ಲಿ ಎದ್ದು ಹೋಗಿದ್ದ. ಇಷ್ಟೇ ನಡೆದದ್ದು. ಮೈ ನಡುಗಲಿಲ್ಲ, ನಾಯಿ ಊಳಿಡಲಿಲ್ಲ. ಅಷ್ಟು ದಿನ ಯಾರೂ ಹೇಳದ ಒಂದು ಉಪಯೋಗದ ಮಾತು ಸಿಕ್ಕಿತೆಂದು ಖುಷಿಯಿಂದ ಬೀದರಿಗೆ ಬಂದೆ.

ನೌಕರಿ ಬೇಡವೆಂದಾಗ ಸಾಹುಕಾರ, ಯಾರ ಮಾತು ಕೇಳಿದೆ ಎಂದ. "ನೀವು ಕೊಟ್ಟ ಜಾಮೀನುದಾರಂದೇ ರೀ" ಎಂದು ಡ್ರೈವರನ ಕಥೆಯನ್ನೂ ಹೇಳಿದೆ. ಅವನ ಮುಖದ ನಗು ಹೋಯಿತು. ಮೂರನೆಯ ದಿನ ನನ್ನನ್ನೂ ಮಾವನನ್ನೂ ಕರೆಸಿದ. ಅಲ್ಲಿ ಒಬ್ಬ ಹಲ್ಲಿಲ್ಲದ ಮುದುಕ ಹೆಂಡತಿಯೊಡನೆ ಕುಳಿತಿದ್ದ. ಮಾಣಿಕಪ್ಪ ಅವನಂತೆ! ನಾನು ಅವನನ್ನು ಕಂಡದ್ದು ಅದೇ ಮೊದಲು.

ಅವನು ಮಾತ್ರ ನನ್ನನ್ನು ಕಂಡಿದ್ದ. "ನಾ ಜ್ವರ ಬಂದು ಒಳಗ ಮಲಗಿದ್ನಿರಿ. ಈ ಹುಡುಗ ಬಂದು ನಮ್ಮ ಕಟ್ಟಿ ಮ್ಯಾಲ ಒಬ್ಬನೇ ಕುಂತ. ಒಬ್ಬನೇ ಮಾತಾಡ್ದ, ಕೈ ಆಡಿಸ್ದ, ಗೋಣು ಹಾಕ್ದ" ಎಂದ. ಹೆಂಡತಿ, "ಕಿಡಕ್ಯಾಗಿಂದ ನಾನೂ ನೋಡೀನ್ರಿ. ಹುಚ್ಚ ಇದ್ದಾನು, ಕಲ್ಲು ಒಗದಾನು, ಹೊರಗ ಹೋಗಬ್ಯಾಡ್ರಿ ಅಂದ್ನಿ" ಎಂದಳು. ಆ ತಾಯಿಯ ಮುಖದಲ್ಲಿ ಸುಳ್ಳಿನ ಲಕ್ಷಣವಿರಲಿಲ್ಲ. ನಾನು ಕೂಗಾಡಿದೆ. ಕೂಗಾಡಿದಷ್ಟೂ ಹುಚ್ಚನಂತೆಯೇ ಕಂಡೆ.

ಭರೋಸದ ಮಾಲಕ ಯಾರೆಂದು ನೋಡಲು ಹೋಗಿ ಭರೋಸ ಕಳೆದುಕೊಂಡವನು ನಾನಾದೆ! ವಾರದೊಳಗೆ ಸುದ್ದಿ ಕಮಲನಗರದವರೆಗೆ ಹೋಗಿತ್ತು. ಒಬ್ಬನೇ ಮಾತಾಡುವವನ ಕೈಗೆ ಲಾರಿ ಕೊಡುವವರು ಯಾರು? ಅವ್ವ ತಾಯತ ಕಟ್ಟಿಸಿದಳು. ಮಾವ, ಇನ್ನು ನಿನಗೆ ಜಾಮೀನು ನಿಲ್ಲುವುದಿಲ್ಲ ಎಂದ. ಒಬ್ಬ ಬಿಸಿಲು ಹತ್ತಿದೆ ಎಂದ, ಒಬ್ಬ ಗಾಳಿ ಎಂದ. ಬಿಸಿಲು ಹತ್ತಿದವನಿಗೆ ಸಾಹುಕಾರನ ತಿಜೋರಿಯ ಸಂಗತಿ ತಿಳಿಯುವುದು ಹೇಗೆ ಎಂದು ಕೇಳಿದರೆ ಎಲ್ಲರೂ ಕೆಮ್ಮುತ್ತಿದ್ದರು. ಆ ಡ್ರೈವರ್ ಏನಾದನೆಂದು ನೌಬಾದದಲ್ಲಿ ವಿಚಾರಿಸಿದೆ. ಅಂಥವನೊಬ್ಬ ಇದ್ದನೆಂದು ಒಪ್ಪಿಕೊಳ್ಳಲೂ ಯಾರೂ ತಯಾರಿರಲಿಲ್ಲ.

ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಮನೆಯಲ್ಲಿ ಸಂತೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಭಾಲ್ಕಿಗೆ ಹೋದೆ. ನೀಲಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಲೈಸೆನ್ಸ್ ಚಾಚಿದೆ. ತಿರುವಿ ನೋಡಿ ಹಿಂದಕ್ಕೆ ಕೊಟ್ಟಳು. "ನಿನ್ನ ಕಿಸೇದಾಗ ಇಟ್ಕೋ. ನನಗ್ಯಾಕ ಅದು?"

ಆ ಒಂದು ಮಾತಿಗೆ ನನಗೆ ಅಳುವೇ ಬಂತು. "ನನಗ ಜಾಮೀನು ನಿಲ್ಲೋರು ಯಾರೂ ಇಲ್ರೀ ಅವ್ವಾ" ಎಂದೆ.

ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಮುಂಜಾನಿನೇ ಬಂದು ನಿಂತು ಹೋಗ್ಯಾನಲ್ಲೋ. ಒಬ್ಬ ಹುಡುಗ ಬರ್ತಾನ, ಅವನ ಜವಾಬ್ದಾರಿ ನಂದು, ಅಂದ. ಖಾಕಿ ಕೋಟು. ಕೂಡು ಅಂದ್ರ ಕೂಡಲಿಲ್ಲ, ನೀರು ಕೊಟ್ರ ಕುಡೀಲಿಲ್ಲ. ಯಾರು ಅಂವ, ನಿಮ್ಮವನಾ?"

ಕೆಲಸ ಕೈಗೆ ಬಂದಿತ್ತು. ಕುಶನೂರಿನ ಕಟ್ಟೆಯ ಕಥೆ ಬಾಯಿಬಿಟ್ಟರೆ ಇಲ್ಲಿಯೂ ಹುಚ್ಚನಾಗುತ್ತೇನೆ ಎಂದು ಹೆದರಿದೆ. "ಅಂವ ಯಾರೋ ನನಗ ಗೊತ್ತಿಲ್ರಿ" ಎಂದೆ.

ಅಂದ ಮೇಲೆ, ಅದು ಮಿಲಿಟರಿಯವರ ಮುಂದೆ ಸಾಹುಕಾರ ಆಡಿದ ಮಾತೇ ಎಂದು ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ, ಆದರೆ ತಿದ್ದಿ ಹೇಳಲಿಲ್ಲ. ನೀಲಮ್ಮ ಒಳಗೆ ಹೋಗಿ ಲಾರಿಯ ಹ್ಯಾಂಡಲ್ ತಂದು ನನ್ನ ಕೈಗಿಟ್ಟಳು. ಹನ್ನೊಂದು ವರ್ಷ ಆ ಗಾಡಿ ಹೊಡೆದೆ. ಅದು ಎರಡು ಸಲ ಕೆಟ್ಟ ಕೇಸಿನಲ್ಲಿ ಸಿಕ್ಕಿಕೊಂಡಾಗ ಅವಳೇ ಠಾಣೆಗೆ ಬಂದು ನನ್ನ ಪಕ್ಕ ನಿಂತಳು.

ಅವನು ಯಾರು, ಮುದುಕನ ಮನೆಯವರಿಗೆ ಕಾಣದವನು ನೀಲಮ್ಮನಿಗೆ ಕಂಡದ್ದು ಹೇಗೆ, ನನ್ನ ಮೇಲೆ ಅವನಿಗೇಕೆ ಅಷ್ಟು ಕಾಳಜಿ, ಒಂದೂ ನನಗೆ ತಿಳಿಯದು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಎರಡು ಸಲ ಕುಶನೂರಿಗೆ ಹೋಗಿ ಮಧ್ಯಾಹ್ನವಿಡೀ ಆ ಕಟ್ಟೆಯ ಮೇಲೆ ಕುಳಿತೆ. ಯಾರೂ ಬರಲಿಲ್ಲ. ಮಾಣಿಕಪ್ಪನ ಹೆಂಡತಿ ಎದ್ದು ಕಿಟಕಿ ಮುಚ್ಚಿಕೊಂಡಳು.