ತಂಗಿಯ ಮನೆಸಾಲಕ್ಕೆ ಅಂಟಿಸಿದ ವಿಮೆ

‘ನೀವು ತೀರಿಕೊಂಡಿದ್ರೆ ಕ್ಲೇಮ್ ಆಗ್ತಿತ್ತು ಮೇಡಂ. ನಿಮ್ಮ ಹಸ್ಬೆಂಡ್ ತೀರಿಕೊಂಡಿರೋದ್ರಿಂದ ಆಗಲ್ಲ.’

ನನ್ನ ತಂಗಿ ಭಾಗ್ಯಳಿಗೆ ಬ್ಯಾಂಕಿನವರು ಹೇಳಿದ ಮಾತಿದು. ಬಹಳ ಮರ್ಯಾದೆಯಿಂದ ಹೇಳಿದರು. ಮೊದಲು ಕೂರಿಸಿದರು, ನೀರು ಕೊಟ್ಟರು, ಆಮೇಲೆ ಹೇಳಿದರು. (ಇತ್ತೀಚೆಗೆ ಎಲ್ಲ ಕಡೆ ಕಸ್ಟಮರ್ ಸರ್ವಿಸ್ ಸುಧಾರಿಸಿದೆ.)

ಭಾಗ್ಯಳ ಗಂಡ ಮಾದೇಶ ಕುಂಬಾರಕೊಪ್ಪಲಿನಲ್ಲಿ ಅಂಗಡಿ ಇಟ್ಟುಕೊಂಡು ಮನೆಗಳಿಗೆ ವೈರಿಂಗ್ ಮಾಡಿಸುತ್ತಿದ್ದ ಕಂಟ್ರಾಕ್ಟರ್. ನಾಲ್ಕು ತಿಂಗಳ ಹಿಂದೆ ಕೆಲಸದ ಜಾಗದಲ್ಲಿ ಏಣಿ ಇಳಿದು, ನೀರು ಕೇಳಿ, ಕೂತ. ಮತ್ತೆ ಏಳಲಿಲ್ಲ. ನಲವತ್ತೊಂದು ವರ್ಷ. ದಟ್ಟಗಳ್ಳಿಯಲ್ಲಿ ಅವನು ಕಟ್ಟಿಸಿದ ಮನೆಯ ಸಾಲ ಇನ್ನೂ ಹದಿನಾಲ್ಕು ವರ್ಷ ಇದೆ.

ಆ ದುಃಖದಲ್ಲೂ ನಮಗೊಂದು ಧೈರ್ಯವಿತ್ತು. ಸಾಲಕ್ಕೆ ವಿಮೆ ಇದೆಯಲ್ಲ! ಸಾಲಗಾರ ಸತ್ತರೆ ಉಳಿದ ಸಾಲವನ್ನು ವಿಮಾ ಕಂಪನಿಯೇ ತೀರಿಸುತ್ತದೆ ಅಂತ ಸಾಲ ಕೊಡುವ ದಿನವೇ ಬ್ಯಾಂಕಿನವರು ಹೇಳಿದ್ದರು. ತಿಥಿಗೆ ಬಂದವರೆಲ್ಲ ಭಾಗ್ಯಳಿಗೆ ಅದನ್ನೇ ಹೇಳಿ ಸಮಾಧಾನ ಮಾಡಿದ್ದೆವು. ‘ಮನೆ ಎಲ್ಲೂ ಓಗಲ್ಲ ಬುಡು ಕಣಮ್ಮ.’

ಈಗ ನೋಡಿದರೆ ವಿಮೆ ಇರುವುದು ಭಾಗ್ಯಳ ಜೀವಕ್ಕೆ.

ಹೇಗಾಯಿತು ಇದು? ಹೆಂಗಸರ ಹೆಸರಲ್ಲಿ ಸಾಲ ತೆಗೆದರೆ ಬಡ್ಡಿ ಒಂಚೂರು ಕಡಿಮೆ ಅಂದರು. ಮಾದೇಶನಿಗೂ ಮನೆ ಹೆಂಡತಿಯ ಹೆಸರಲ್ಲೇ ಇರಬೇಕೆಂಬ ಆಸೆ. ‘ಮನೇಲಿರೋಳು ಅವ್ಳು ಭಾವ, ನಾನು ಊಟಕ್ಕೆ ಬಂದೋಗೋನು’ ಅಂದಿದ್ದ. ಹೀಗಾಗಿ ಸಾಲದಲ್ಲಿ ಮೊದಲ ಹೆಸರು ಭಾಗ್ಯಳದು, ಎರಡನೆಯದು ಅವನದು. ವಿಮೆ ಮೊದಲ ಹೆಸರಿಗೆ ಬಿತ್ತು. ದುಡಿಯುವವನು ಯಾರು, ಕಂತು ಕಟ್ಟುವವನು ಯಾರು ಅಂತ ಯಾರೂ ಕೇಳಲಿಲ್ಲ. ಯಾಕೆ ಕೇಳಬೇಕು? ಪ್ರೀಮಿಯಂ ಆವತ್ತೇ ವಸೂಲಾಗಿತ್ತು. ಅದನ್ನೂ ಸಾಲಕ್ಕೇ ಸೇರಿಸಿದ್ದರು. ಅಂದರೆ ಆ ವಿಮೆಗೂ ಮಾದೇಶ ಆರು ವರ್ಷ ಬಡ್ಡಿ ಕಟ್ಟಿದ್ದಾನೆ.

ಇದನ್ನು ಮೋಸ ಅನ್ನಬೇಕೋ, ನಮ್ಮ ಪೆದ್ದುತನ ಅನ್ನಬೇಕೋ?

‘ಓದಿ ಸೈನ್ ಹಾಕಬೇಕಿತ್ತು’ ಅಂತ ನೀವು ಗೊಣಗುತ್ತಿದ್ದೀರಿ, ಗೊತ್ತು. ಇದೇ ಅಂಕಣದಲ್ಲಿ ಆ ಉಪದೇಶವನ್ನು ನಾನೇ ಎಷ್ಟು ಸಲ ಮಾಡಿಲ್ಲ! ಈಗ ನನ್ನ ಕಥೆ ಕೇಳಿ. ಸೈನ್ ಹಾಕುವ ದಿನ ‘ನಮ್ ಕಡೆ ಒಬ್ರು ಓದಿರೋರು ಇರ್ಲಿ’ ಅಂತ ಮಾದೇಶ ಹಿನಕಲ್‌ನ ನಮ್ಮ ಮನೆಗೆ ಬಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದ. ಬ್ಯಾಂಕಿನಲ್ಲಿ ನೋಡಿದರೆ ಲೋನ್ ಆಫೀಸರ್ ನನ್ನ ಓದುಗ! ‘ಪ್ರತಿ ವಾರ ತಪ್ಪದೆ ಓದ್ತೀನಿ ಸಾರ್’ ಅಂದ. ಕಾಫಿ ತರಿಸಿದ. ನಾನು ಉಬ್ಬಿಹೋದೆ. ಅತ್ತ ಭಾಗ್ಯ ಹಳದಿ ಚೀಟಿ ಅಂಟಿಸಿದ ಕಡೆಯಲ್ಲೆಲ್ಲ ಸೈನ್ ಹಾಕುತ್ತಿದ್ದಳು. ಇತ್ತ ನಾನು, ನನ್ನ ಯಾವ ಬರಹ ಅವನಿಗೆ ಹೆಚ್ಚು ಹಿಡಿಸಿತು ಅಂತ ವಿಚಾರಿಸುತ್ತಿದ್ದೆ.

‘ಇನ್ಶೂರೆನ್ಸ್ ಕಂಪಲ್ಸರಿ ಸಾರ್’ ಅಂತ ಅವನು ನಡುವೆ ಹೇಳಿದ. ನಾನು ತಲೆಯಾಡಿಸಿದೆ. ಅದು ಕಂಪಲ್ಸರಿ ಅಲ್ಲವೇ ಅಲ್ಲ ಅನ್ನುವುದು ಈಗ ಗೊತ್ತಾಗಿದೆ. ಆ ಕಾಫಿ ನೆನಪಾದರೆ ನಾಚಿಕೆಯಾಗುತ್ತದೆ.

ವಿಮೆಯ ಅರ್ಜಿಯ ನಕಲು ತೆಗೆಸಿ ನೋಡಿದೆ. ಭಾಗ್ಯಳ ಉದ್ಯೋಗ: ಟೈಲರಿಂಗ್ ಬಿಸಿನೆಸ್. (ಬ್ಲೌಸಿಗೆ ಹುಕ್ ಹಾಕಿಸಲೂ ಅವಳು ಬೀದಿ ಕೊನೆಯ ಟೈಲರ್ ಹತ್ತಿರ ಓಡುತ್ತಾಳೆ.) ಅಕ್ಷರ ಅವಳದಲ್ಲ, ಮಾದೇಶನದೂ ಅಲ್ಲ. ಸೈನ್ ಮಾತ್ರ ಅವಳದು.

ಅದನ್ನು ಹಿಡಿದುಕೊಂಡು ಕಳೆದ ವಾರ ವಿಮಾ ಕಂಪನಿಯ ಆಫೀಸಿಗೆ ಹೋದೆವು. ಅಷ್ಟರಲ್ಲಿ ಮೂರು ಕಂತು ಬಾಕಿ ಬಿದ್ದು ಬ್ಯಾಂಕಿನ ನೋಟಿಸ್ ಬಂದಿತ್ತು. ‘ಮನೆ ಮಾತ್ರ ಬುಡಾಕಿಲ್ಲ ಕಣಣ್ಣ.’ ದಾರಿಯುದ್ದಕ್ಕೂ ಭಾಗ್ಯ ಆಡಿದ್ದು ಅದೊಂದೇ ಮಾತು.

ಅಲ್ಲಿದ್ದ ಅಧಿಕಾರಿ ನಮ್ಮ ಕಾಗದಗಳನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ‘ಪಾಲಿಸಿ ಕೊಡೋಕ್ ಮುಂಚೆ ವೆರಿಫಿಕೇಶನ್ ಕಾಲ್ ಮಾಡಿದೀವಿ ಸಾರ್. ನಿಮ್ಮ ಸಿಸ್ಟರ್ ಎಲ್ಲ ಒಪ್ಪಿದಾರೆ. ರೆಕಾರ್ಡಿಂಗ್ ಇದೆ, ಕೇಳಿ.’

ಕೇಳಿದೆವು.

‘ಪಾಲಿಸಿಯ ನಿಯಮಗಳನ್ನು ನಿಮಗೆ ವಿವರಿಸಲಾಗಿದೆಯೇ?’ ಕಂಪನಿಯ ಹುಡುಗಿಯ ದನಿ. ಆಮೇಲೆ ಕುಕ್ಕರಿನ ವಿಷಲ್. ಭಾಗ್ಯ ಪಕ್ಕಕ್ಕೆ ತಿರುಗಿ ಕೇಳುತ್ತಾಳೆ: ‘ರೀ, ವಿವರ್ಸವ್ರಾ ಅಂತಾವ್ರೆ. ಏನನ್ಲಿ?’

ಉತ್ತರ ಕೊಟ್ಟವನು ಮಾದೇಶ. ಅವನದೇ ದನಿ, ಅದೇ ಅವಸರ. ‘ಹೂಂ ಅನ್ನು. ಎಲ್ಲಕ್ಕೂ ಹೂಂ ಅನ್ಬೇಕು ಅಂತ ಆ ಬ್ಯಾಂಕ್ನೋರೇ ಯೋಳ್ಕೊಟ್ಟವ್ರೆ. ಇಲ್ದಿದ್ರೆ ಲೋನ್ ನಿಂತೋಯ್ತದಂತೆ ಕಣೆ.’

‘ಹೂಂ ಮೇಡಂ’ ಅಂದಳು ಭಾಗ್ಯ. ಮುಂದಿನ ಐದು ಪ್ರಶ್ನೆಗಳಿಗೂ ಹೂಂ.

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಸುಳ್ಳು ಹೇಳಿ ಮಾರಿದ್ದಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದನ್ನು ಅವರೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ! ವಾರಗಟ್ಟಲೆ ನನ್ನನ್ನು ಕೊರೆಯುತ್ತಿದ್ದ ಅನುಮಾನ ಆ ಗಳಿಗೆಯಲ್ಲಿ ಹೋಯಿತು. ನಮ್ಮ ಪೆದ್ದುತನ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಗೊತ್ತಿದ್ದೇ ಬಳಸಿಕೊಂಡಿದ್ದರು.

ಭಾಗ್ಯಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳಿಗೆ ಕೇಳಿಸಿದ್ದು ಗಂಡನ ದನಿ.

‘ಇನ್ನೊಂದ್ಸಲ ಹಾಕಿ ಸಾರ್’ ಅಂದಳು. ಹಾಕಿದ. ‘ಇನ್ನೊಂದೇ ಒಂದ್ಸಲ.’ ಮೂರನೆಯ ಸಲಕ್ಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, ‘ಇದುನ್ನ ನನ್ ಮೊಬೈಲ್‌ಗೆ ಕಳುಸ್ತೀರಾ?’

‘ಹಾಗೆಲ್ಲ ಕೊಡೋಕೆ ಬರಲ್ಲ ಮೇಡಂ.’

ನನಗೆ ರೇಗಿತು. ‘ಆ ಮನುಷ್ಯ ಏನು ಹೇಳಿದ ಅಂತ ನಿಮಗೂ ಕೇಳಿಸ್ತಲ್ಲ? ಅದನ್ನ ಬರ್ಕೊಳ್ರೀ’ ಅಂದೆ.

ಅಧಿಕಾರಿ ಲ್ಯಾಪ್‌ಟಾಪ್ ಮುಚ್ಚಿದ. ‘ಕಸ್ಟಮರ್ ಹೂಂ ಅಂದಿದಾರೆ ಸಾರ್, ಅಷ್ಟೇ ಗಣನೆಗೆ ಬರೋದು. ಉಳಿದಿದ್ದೆಲ್ಲ ಬ್ಯಾಕ್‌ಗ್ರೌಂಡ್ ನಾಯ್ಸ್.’

ವಿಮಾ ಒಂಬುಡ್ಸ್‌ಮನ್‌ಗೆ ದೂರು ಬರೆದಿದ್ದೇನೆ. ಸುಳ್ಳು ಹೇಳಿ ಮಾರಿದ್ದಾರೆ ಅಂತ ಮೊದಲ ವಾಕ್ಯದಲ್ಲೇ ಬರೆದಿದ್ದೇನೆ. ಆ ರೆಕಾರ್ಡಿಂಗ್ ತರಿಸಿ ಪೂರ್ತಿ ಕೇಳಿ ಅಂತಲೂ ಬರೆದಿದ್ದೇನೆ. ಸೈನ್ ಹಾಕಿದ ದಿನ ನಾನೂ ಬ್ಯಾಂಕಿನಲ್ಲೇ ಇದ್ದೆ, ಒಂದು ಪುಟವನ್ನೂ ಓದಲಿಲ್ಲ ಅನ್ನುವುದನ್ನು ಮುಚ್ಚಿಟ್ಟಿಲ್ಲ. ‘ಮನೆ ಉಳ್ಕತದಾ ಅಣ್ಣ?’ ಅಂತ ಭಾಗ್ಯ ದಿನಾ ಫೋನ್ ಮಾಡಿ ಕೇಳುತ್ತಾಳೆ.

ಆ ಬ್ಯಾಂಕಿನವರನ್ನೂ ಕಂಪನಿಯವರನ್ನೂ ಕೇಳಲು ಒಂದು ಪ್ರಶ್ನೆ ಮಾತ್ರ ಇದೆ. ಆರು ವರ್ಷ ತಿಂಗಳು ತಪ್ಪದೆ ನಿಮ್ಮಿಬ್ಬರ ಹೊಟ್ಟೆ ತುಂಬಿಸಿದ್ದು ಯಾರು ಸ್ವಾಮಿ, ಆ ನಾಯ್ಸೇ ತಾನೇ?